ಮಂಜಯ್ಯ ಶೆಟ್ಟರ ಎಲೆ

ಕುಸುಮಾವತಿಯವರಿಗೆ ಎಂಬತ್ತೇಳು ವರ್ಷ. ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಎಡಗಿವಿ ಕೆಲಸ ಬಿಟ್ಟು ಹತ್ತು ವರ್ಷವಾಯಿತು. ಸಿಟ್ಟು ಮಾತ್ರ ಹದಿನೆಂಟರಲ್ಲಿ ಹೇಗಿತ್ತೋ ಹಾಗೇ ಇದೆ. ಆ ಸಿಟ್ಟು ನೆತ್ತಿಗೇರಿದ್ದು ಜಕಣಿಯ ದಿನ, ಮನೆಯಲ್ಲಿ ಗತಿಸಿದ ಹಿರಿಯರಿಗೆಲ್ಲ ಎಲೆ ಹಾಕಿ ಬಡಿಸಬೇಕಾದ ಮಧ್ಯಾಹ್ನ. ತಮ್ಮನ ಮಗ, ಮುಂಬಯಿಯಲ್ಲಿ ಹೋಟೆಲು ನಡೆಸುವ ಸುಜನ್, ಊರಿಗೆ ಬಂದವನು ಚಾವಡಿಯಲ್ಲಿ ಒಂದು ದೊಡ್ಡ ಫ್ಲೆಕ್ಸ್ ಬಿಚ್ಚಿ ಹರಡಿದ.

ಫ್ಲೆಕ್ಸ್ ತುಂಬ ಕುಸುಮಾವತಿಯವರ ಅಪ್ಪ ಮಂಜಯ್ಯ ಶೆಟ್ಟರು. ಮನೆಯ ಗೋಡೆಯಲ್ಲಿರುವ ಒಂದೇ ಒಂದು ಫೋಟೋವನ್ನು ಸುಜನ್ ಹಿಂದಿನ ಸಲ ಬಂದಾಗ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದ. ಅದು 1941ರಲ್ಲಿ ಬೊಂಬಾಯಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಖಾಕಿ ಅಂಗಿ, ದೊಗಳೆ ಚಡ್ಡಿ, ಕೈ ಎಲ್ಲಿಡುವುದೆಂದು ತಿಳಿಯದೆ ತೊಡೆಗೆ ಅಂಟಿಸಿಕೊಂಡು ನಿಂತ ಗಂಡಸು. ಫ್ಲೆಕ್ಸಿನಲ್ಲಿ ಆ ಕೈಗಳಿಗೆ ಕೆಲಸ ಸಿಕ್ಕಿತ್ತು. ಕೋವಿ ಹಿಡಿದಿದ್ದವು. ತಲೆಯ ಟೊಪ್ಪಿ ಬದಲಾಗಿತ್ತು. ಹಿಂದೆ ಹೊಗೆ, ಬೆಂಕಿ. ಕೆಳಗೆ ದಪ್ಪಕ್ಷರದಲ್ಲಿ, ‘ಇಂಫಾಲದ ರಣರಂಗದಲ್ಲಿ ಆಜಾದ್ ಹಿಂದ್ ಫೌಜಿನ ವೀರಮರಣ’.

"ಈ ಕೋವಿ ಎಲ್ಲಿಂದ ಬಂತ್?" ಎಂದು ಕೇಳಿದರು ಕುಸುಮಾವತಿ.

"ಕಂಪ್ಯೂಟರಂಗೆ ಹಾಕ್ಸದ್ದ್, ಅತ್ತೆ. ಲಾಯ್ಕ್ ಬಂದಿತ್ತಲ್ದಾ? ಸ್ಮಾರಕದ ಕಲ್ಲಂಗೂ ಹೀಂಗೇ ಕೆತ್ತ್ಸಿದ್ದೆ. ಆಯ್ತವಾರ ಶಾಲಿ ಮೈದಾನದಂಗೆ ಉದ್ಘಾಟನೆ. ನಿಮ್ಗೆ ಶಾಲ್ ಹೊದ್ಸ್ತ್ರ್."

"ಅಪ್ಪಯ್ಯ ಪಲ್ಟನ್ನಂಗೆ ಅಡುಗಿ ಮಾಡ್ತಿದ್ದೋರ್ ಮಗಾ. ಕೋವಿ ಹಿಡ್ದೋರಲ್ಲ, ಸಟ್ಗ ಹಿಡ್ದೋರ್. ಇಂಫಾಲವ ಅವ್ರ್ ಕಣ್ಣಂಗೂ ಕಂಡೋರಲ್ಲ."

ಊಟಕ್ಕೆ ಕರೆಸಿಕೊಂಡಿದ್ದ ಪಕ್ಕದ ಮನೆಯ ಚಂದಯ್ಯ ಮಾಷ್ಟ್ರು ಕನ್ನಡಕ ಏರಿಸಿ ಫ್ಲೆಕ್ಸ್ ನೋಡಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟ ಬಾಯಿ, ಸುಮ್ಮನಿರುತ್ತದೆಯೇ? "ಇದ್ ಸುಳ್ಳಲ್ದಾ ಸುಜನ್?" ಎಂದರು.

"ಮಾಷ್ಟ್ರೆ, ನೀವ್ ಕಲ್ಸದ್ದೆಲ್ಲ ಇಂಗ್ಲೀಷ್ರ್ ಬರ್ಸಿಟ್ಟದ್ದ್. ಜಪಾನಿನೋರ್ ಏಷ್ಯಾವ ಬಿಡ್ಸುಕೆ ಬಂದದ್ದ್. ಅವ್ರ್ ಬಾರ್ದಿದ್ರೆ ನಮ್ಗೆ ಸ್ವಾತಂತ್ರ್ಯ ಎಲ್ಲಿತ್ತ್? ಈಗ ನಿಜವಾದ್ ಚರಿತ್ರೆ ಹೊರಗ್ ಬತ್ತಾ ಇತ್ತ್."

"ಬಿಡ್ಸುಕೆ ಬಂದದ್ದಾ? ಚೀನಾದಂಗೆ ಎಂತ ಬಿಡ್ಸಿರ್? ಜನರ ಜೀವವಾ? ಹಿಟ್ಲರಿನ ಕೈ ಹಿಡ್ದೋರ್ ಅವ್ರ್. ಆ ಯುದ್ಧದಂಗೆ ಧರ್ಮದ ಪಕ್ಷ ಅಂತ ಒಂದ್ ಇದ್ದಿತ್. ಅದ್ ಅವ್ರ ಎದ್ರಿಗೆ ನಿಂತದ್ದ್."

ಕುಸುಮಾವತಿಯವರ ಸಿಟ್ಟು ಗಕ್ಕನೆ ಆಚೆ ತಿರುಗಿತು. "ಧರ್ಮದ ಪಕ್ಷವಾ ಮಾಷ್ಟ್ರೆ? ಬಂಗಾಲದಂಗೆ ಲಕ್ಷಗಟ್ಲೆ ಜನ ಅಕ್ಕಿ ಇಲ್ದೆ ಬೀದಿ ಬದಿಯಂಗೆ ಸಾಯ್ತಿಪ್ಪತಿಗೆ ನಿಮ್ಮ ಧರ್ಮ ಎಲ್ಲಿ ಹೋಯಿತ್? ಅದ್ನ ನಂಗೆ ಹೇಳಿಕೊಟ್ಟದ್ದ್ ನೀವೇ ಅಲ್ದಾ?"

ಮಾಷ್ಟ್ರು ನೀರಿನ ಲೋಟ ಎತ್ತಿಕೊಂಡರು. "ಹೌದ್. ಅದ್ ಹೌದ್. ಆದ್ರೂ ಎರಡೂ ಒಂದೇ ಅಲ್ಲ, ಕುಸುಮಕ್ಕ."

"ಒಂದೇ ಅಂತ ನಾನ್ ಹೇಳ್ಲಿಲ್ಲೆ. ಫೌಜಿಗೆ ಸೇರ್ದೋರನ್ನೂ ಬೈತಿಲ್ಲೆ, ಅವ್ರೂ ನಮ್ಮೋರೇ. ಆದ್ರೆ ನನ್ನಪ್ಪ ಎಲ್ಲಿ ಸತ್ರೋ ಅಲ್ಲೇ ಇರ್ಲಿ. ಅವ್ರನ್ನ ಹೊತ್ಕಂಡ್ ಹೋಯಿ ನಿಮ್ನಿಮ್ಮ ಬದಿಗೆ ಕೂರ್ಸುದ್ ಬೇಡ."

ಅಪ್ಪ ಎಲ್ಲಿ ಸತ್ತರೆಂಬುದು ಅವರಿಗೆ ಯಾವ ಪುಸ್ತಕದಿಂದಲೂ ತಿಳಿದದ್ದಲ್ಲ. ಅವರಿಗೆ ಎಂಟು ವರ್ಷವಾಗಿದ್ದಾಗ ಉಪ್ಪುಂದದ ಕುಷ್ಟ ಎಂಬವರು ಇದೇ ಜಗಲಿಗೆ ಬಂದಿದ್ದರು. ಮಂಜಯ್ಯನವರ ಜೊತೆಗೇ ಇಂಗ್ಲಿಷರ ಪಲ್ಟನ್ನಿನಲ್ಲಿದ್ದವರು. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಅನ್ನುವ ಹಾಗಿದ್ದರು. ಸಿಂಗಾಪುರದಲ್ಲಿ ಜಪಾನಿನವರಿಗೆ ಸೆರೆ ಸಿಕ್ಕ ಮೇಲೆ ಆಜಾದ್ ಹಿಂದ್ ಎಂಬ ಹೊಸ ಫೌಜಿಗೆ ಸೇರುತ್ತೀರಾ ಎಂದು ಕೇಳಿದರಂತೆ. ಬಹಳ ಜನ ಸೇರಿದರು, ಇವರಿಬ್ಬರು ಸೇರಲಿಲ್ಲ. ಮಂಜಯ್ಯ ಯಾಕೆ ಒಲ್ಲೆ ಎಂದರೆಂಬುದು ಕುಷ್ಟರಿಗೂ ಗೊತ್ತಿರಲಿಲ್ಲ. ಒಲ್ಲೆ ಎಂದವರಲ್ಲಿ ಕೆಲವರನ್ನು ಜಪಾನಿನವರು ಹಡಗಿಗೆ ತುಂಬಿ ನ್ಯೂಗಿನಿ ಎಂಬ ದ್ವೀಪಕ್ಕೆ ಒಯ್ದರು. ಅಲ್ಲಿ ಹಗಲಿಡೀ ಮಣ್ಣು ಹೊರುವ ಕೆಲಸ, ಊಟ ಇಲ್ಲ. ಬೇರು ತಿಂದರು, ಹಲ್ಲಿ ತಿಂದರು, ಬೆಲ್ಟಿನ ಚರ್ಮ ಬೇಯಿಸಿ ತಿಂದರು. ಅಡುಗೆಯವರಾದ ಮಂಜಯ್ಯ ಬರಿಗೈಯಲ್ಲೇ ಎಲ್ಲರಿಗೂ ಬಡಿಸುತ್ತಿದ್ದರಂತೆ: ಇವತ್ತು ಕಡುಬು, ಇವತ್ತು ಕೋಳಿ ಸಾರು, ಇನ್ನೊಂಚೂರು ಹಾಕಲಾ? ಎರಡು ವರ್ಷ ಹಾಗೆ ಬಡಿಸಿ, ಕೊನೆಯ ದಿನ ತನಗೆ ಕುಚ್ಚಲಕ್ಕಿ ಗಂಜಿ, ಒಂದು ಮಾವಿನ ಮಿಡಿ ಬೇಕು ಎಂದರು. ಆಮೇಲೆ ಮಾತಾಡಲಿಲ್ಲ.

ಅಂದಿನಿಂದ ಈ ಮನೆಯ ಜಕಣಿಯಲ್ಲಿ ಹಿರಿಯರ ಎಲೆಗಳಿಗೆಲ್ಲ ಕೋಳಿ, ಕಡುಬು, ಮೀನು, ಕುಡಿಯುವವರಿದ್ದರೆ ಅದೂ. ಮಂಜಯ್ಯನವರ ಎಲೆಗೆ ಮಾತ್ರ ರಾಶಿ ಕುಚ್ಚಲಕ್ಕಿ ಅನ್ನ, ಗಂಜಿತಿಳಿ, ಒಂದು ಮಿಡಿ. ಕುಸುಮಾವತಿಯವರ ತಾಯಿ ಮಾಡಿದ ಕಟ್ಟಳೆ ಅದು. ಬಡಿಸಿ ಆದ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು. ಹೋದವರು ಉಣ್ಣುವಾಗ ಇದ್ದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಈ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬಯಿಯಲ್ಲಿ ಹೋಟೆಲು ಕಟ್ಟಿದವನೂ ಮರೆಯುವುದಿಲ್ಲ.

ಆದರೆ ಆ ದಿನ ಬಾಗಿಲು ಹಾಕುವ ಮೊದಲು ಕುಸುಮಾವತಿ ಒಳಗೆ ಬಂದು ನೋಡಿದರೆ ಅಪ್ಪನ ಎಲೆಯಲ್ಲಿ ಕೋಳಿಯ ಗುಡ್ಡ, ಪಕ್ಕದಲ್ಲಿ ವಿಲಾಯಿತಿ ಬಾಟಲಿ. ಅನ್ನ ಒಂದು ಮೂಲೆಯಲ್ಲಿ ಪಲ್ಯದಷ್ಟು.

"ಯಾರ್ ಹಾಕದ್ದ್ ಇದ್?"

"ನಾನೇ," ಎಂದ ಸುಜನ್. "ಅಷ್ಟ್ ದೊಡ್ಡ್ ವೀರರಿಗೆ ಬರೀ ಗಂಜಿ ಎಂತಕ್ಕೆ ಅತ್ತೆ? ಕಂಡೋರ್ ಎಂತ ಹೇಳುದಿಲ್ಲ? ಹಸ್ದ್ ಸತ್ರ್ ಅಂತ ಕಲ್ಲಂಗೆ ಕೆತ್ತ್ಸುಕೆ ಆತ್ತಾ?"

ಈಗ ತಿಳಿಯಿತು ಕುಸುಮಾವತಿಯವರಿಗೆ. ಇವನಿಗೆ ಜಪಾನೂ ಬೇಡ, ಇಂಗ್ಲೆಂಡೂ ಬೇಡ, ಚರಿತ್ರೆಯೂ ಬೇಡ. ಇವನಿಗೆ ಅಜ್ಜನ ಹಸಿವಿನ ಬಗ್ಗೆ ನಾಚಿಕೆ. ದಿನಕ್ಕೆ ಸಾವಿರ ಜನರಿಗೆ ಊಟ ಹಾಕುವ ಹೋಟೆಲಿನ ಧಣಿಗೆ ಅನ್ನವಿಲ್ಲದೆ ಸತ್ತ ಅಜ್ಜ ಬೇಡ. ಮೈಯೆಲ್ಲ ಉರಿದುಹೋಯಿತು ಅವರಿಗೆ. ಎಲೆಯನ್ನು ಎತ್ತಿ ಅವನ ಕೈಗೇ ಕೊಟ್ಟರು. ಬೇರೆ ಎಲೆ ಹಾಕಿ, ಮೊದಲಿನ ಹಾಗೆ ಅನ್ನ ಬಡಿಸಿದರು.

"ಆ ಕಲ್ಲ್ ನಿಲ್ಸ್ಬೇಡ ಸುಜನ್. ಕೈ ಮುಗಿತೆ."

"ಕಾರ್ಡ್ ಹಂಚಿ ಆಯಿತ್ ಅತ್ತೆ. ಇನ್ನ್ ಎಂತ ಮಾಡುಕೂ ಆತಿಲ್ಲೆ," ಎಂದ ಅವನು. ಊಟವನ್ನೂ ಮಾಡದೆ ಕಾರು ಹತ್ತಿ ಕುಂದಾಪುರದ ಲಾಡ್ಜಿಗೆ ಹೋದ.

ಭಾನುವಾರ ಬೆಳಿಗ್ಗೆ ಅವರ ಊರು ತ್ರಾಸಿಯ ಶಾಲೆಯ ಮೈದಾನದಲ್ಲಿ ಶಾಮಿಯಾನ, ಇನ್ನೂರು ಕುರ್ಚಿ. ಅಷ್ಟೂ ತುಂಬಿದ್ದವು. ಹೆಚ್ಚಿನವರು ನೆಂಟರು, ಅಕ್ಕಪಕ್ಕದ ಊರಿನವರು. ಮುಖ್ಯ ಅತಿಥಿಗಳು ದೂರದ ಊರಿನ ದೊಡ್ಡ ಮನುಷ್ಯರು. ಜಪಾನಿನ ಉಪಕಾರವನ್ನು ನಮ್ಮ ಮಕ್ಕಳಿಂದ ಮುಚ್ಚಿಟ್ಟ ಚರಿತ್ರೆಕಾರರನ್ನು ಮುಕ್ಕಾಲು ಗಂಟೆ ಬೈದರು. ಮಂಜಯ್ಯನವರ ಹೆಸರನ್ನು ಎರಡು ಸಲ ಮುನಿಯಪ್ಪ ಎಂದರು. ಪರದೆ ಸರಿಯಿತು. ಕರಿಯ ಕಲ್ಲಿನಲ್ಲಿ ಕೋವಿ ಹಿಡಿದ ಅಪ್ಪ. ಚಪ್ಪಾಳೆ ಬಿತ್ತು.

ಸುಜನ್ ಮೈಕಿನಲ್ಲಿ ಅತ್ತೆಯ ಹೆಸರು ಕರೆದ. ಕುಸುಮಾವತಿ ಎದ್ದರು. ಮೊಮ್ಮಗಳು ಅನಿಷಾಳ ಕೈಯಲ್ಲಿದ್ದ ಅನ್ನದ ತೂಕುಪಾತ್ರೆ, ಬಾಳೆ ಎಲೆ ಇಸಿದುಕೊಂಡರು. ವೇದಿಕೆಗೆ ಹೋಗಲಿಲ್ಲ. ನೆಟ್ಟಗೆ ಕಲ್ಲಿನ ಎದುರಿಗೆ ನಡೆದು, ಮಂಡಿ ಒಪ್ಪದಿದ್ದರೂ ನೆಲಕ್ಕೆ ಕುಳಿತು, ಬಾಳೆ ಎಲೆ ಹಾಸಿದರು. ನೀರು ಚಿಮುಕಿಸಿದರು. ರಾಶಿ ಅನ್ನ ಬಡಿಸಿ, ಗಂಜಿತಿಳಿ ಹೊಯ್ದು, ಒಂದು ಮಿಡಿ ಇಟ್ಟರು. ಆಮೇಲೆ ಅನಿಷಾಳ ಭುಜ ಹಿಡಿದು ಎದ್ದು ಜನರ ಕಡೆ ತಿರುಗಿದರು. ಅವರ ಗಂಟಲಿಗೆ ಮೈಕು ಬೇಕಿರಲಿಲ್ಲ.

"ಹ್ವಾಯ್, ಎಲ್ಲರೂ ಕೇಣಿ! ನನ್ನಪ್ಪ ಇಂಫಾಲದಂಗೆ ಸತ್ತೋರಲ್ಲ. ಗುಂಡ್ ತಾಗಿ ಸತ್ತೋರಲ್ಲ. ಇವ್ರ್ ಹೊಗಳ್ತಾ ಇಪ್ಪ ಜಪಾನಿನೋರ ಸೆರೆಯಂಗೆ ಅನ್ನ ಇಲ್ದೆ ಸತ್ತದ್ದ್. ಅನ್ನ ಇಲ್ದೆ ಸತ್ತದ್ದ್ ಮರ್ಯಾದಿಗೇಡಲ್ಲ, ಅನ್ನ ಕೊಡ್ದೆ ಕೊಂದದ್ದ್ ಮರ್ಯಾದಿಗೇಡ್. ಈಗ ಬಡ್ಸಿದ್ದೆ. ಅವ್ರ್ ಉಂಬುಕೆ ಕೂತಿರ್. ಹೊರಗ್ ಹೋಯ್ನಿ."

ಮೊದಲು ಎದ್ದವರು ಚಂದಯ್ಯ ಮಾಷ್ಟ್ರು. ಕಲ್ಲಿಗೆ ಬೆನ್ನು ಹಾಕಿ ಗೇಟಿನ ಕಡೆ ನಡೆದರು. ಅವರ ಹಿಂದೆ ಮುಂದಿನ ಸಾಲಿನ ಹೆಂಗಸರು, ಮತ್ತೆ ನೆಂಟರು, ಮತ್ತೆ ಶಾಮಿಯಾನದವರು, ಕಡೆಗೆ ಮೈಕಿನವನೂ. ಬಡಿಸಿದ ಎಲೆಯ ಎದುರು ಕುಳಿತು ನೋಡುವ ಧೈರ್ಯ ಆ ಜಾಗದಲ್ಲಿ ಒಬ್ಬರಿಗೂ ಇರಲಿಲ್ಲ. ಐದು ನಿಮಿಷದಲ್ಲಿ ಇನ್ನೂರು ಕುರ್ಚಿ ಖಾಲಿ. ವೇದಿಕೆಯಲ್ಲಿ ಉಳಿದವರು ಕೊರಳಿಗೆ ಹಾರ ಹಾಕಿಕೊಂಡ ಮುಖ್ಯ ಅತಿಥಿ, ಮತ್ತು ಸುಜನ್.

"ಏನಾಯಿತ್ರೀ? ಯಾಕೆ ಎಲ್ಲ ಹೋದರು?" ಎಂದರು ಅತಿಥಿ.

ಸುಜನನ ಮುಖ ಕೆಂಪಾಗಿತ್ತು. ಅತ್ತೆಯನ್ನು ನುಂಗುವ ಹಾಗೆ ನೋಡಿದ. ಎಲೆಯನ್ನು ನೋಡಿದ. ಆಮೇಲೆ ಅತಿಥಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಅವನೂ ಗೇಟಿನ ಹೊರಗೆ ಬಂದ.

ಹೊರಗೆ ಬಿಸಿಲಿನಲ್ಲಿ ಎಲ್ಲರೂ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಹೆದ್ದಾರಿಯ ಬಸ್ಸಿನವರು ಬಗ್ಗಿ ಬಗ್ಗಿ ನೋಡಿ ಹೋದರು. ಕಾಲು ಗಂಟೆ ಕಳೆಯಿತು. ಸುಜನ್ ಗೇಟಿನ ಹತ್ತಿರ ಬಂದು, ಸಂಪ್ರದಾಯದಂತೆ ಎರಡು ಸಲ ಕೆಮ್ಮಿದ.

"ಒಳಗ್ ಹೋಪನಾ, ಅತ್ತೆ?"

"ನಿಲ್ಲ್," ಎಂದರು ಕುಸುಮಾವತಿ. ಗೇಟಿನ ಸರಳನ್ನು ಬಿಗಿಯಾಗಿ ಹಿಡಿದಿದ್ದರು. "ಎರಡ್ ವರ್ಷದ ಹಸಿವ್ ಅದ್. ಉಂಡ್ ಆಯ್ಲಿಲ್ಲೆ ಇನ್ನೂ."