ಗುಬ್ಬಿಯ ಕೆಂಪು ಕಣ್ಣು

ಹಾಸಿಗೆಯಂಗಡಿಯವಳನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು; ನಿಜಕ್ಕೂ ಅವಳು ಅಕ್ಕನಾಗಿದ್ದದ್ದು ಒಬ್ಬಳಿಗೆ ಮಾತ್ರ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಕಣ್ಮುಚ್ಚಿದಾಗ ಅಂಗಡಿಯೂ ಐದು ವರ್ಷದ ತಂಗಿಯೂ ಒಟ್ಟಿಗೇ ಅವಳ ಮಡಿಲಿಗೆ ಬಿದ್ದವು. ತಂಗಿಯನ್ನು ಅವಳು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಕೆಳಗೆ ಅರಳೆ ಹಿಂಜುವ ಯಂತ್ರ, ಮೇಲಿನ ಕೋಣೆಯಲ್ಲಿ ಇಬ್ಬರ ಸಂಸಾರ. ಯಂತ್ರ ತಿರುಗಿತೆಂದರೆ ಧೂಳು ಮೆಟ್ಟಿಲೇರಿ ಬಂದು ಹಾಲಿನ ಮೇಲೂ ಕೆನೆ ಕಟ್ಟುತ್ತಿತ್ತು.

ಗುಬ್ಬಿ ಸದಾ ಕಣ್ಣುಜ್ಜುತ್ತಿದ್ದಳು. ಬೆಳಿಗ್ಗೆ ಏಳುವಾಗ ರೆಪ್ಪೆ ಊದಿ, ಗೀಜು ಕಟ್ಟಿ, ಕಣ್ಣು ಕೆಂಡದಂತಿರುತ್ತಿತ್ತು. "ತಣ್ಣೀರು ಹಾಕ್ಕೊಳೆ, ಸರಿಹೋಗುತ್ತೆ." ಅಕ್ಕನ ಮದ್ದು ಅಷ್ಟೇ.

ಎಂಟನೇ ವಯಸ್ಸಿಗೆ ಕನ್ನಡಕ ಬಂತು. ಮರುವರ್ಷ ಗಾಜು ದಪ್ಪವಾಯಿತು, ಅದರ ಮರುವರ್ಷ ಇನ್ನೂ ದಪ್ಪ. ಕನ್ನಡಕದಂಗಡಿಯವನು ನಕ್ಕ. "ಹೀಗೇ ಆದ್ರೆ ಮುಂದಿನ ಸಲ ಬಾಟ್ಲಿ ತಳ ಕತ್ತರಿಸಿ ಕೂರಿಸ್ಬೇಕಾಗುತ್ತೆ. ಪುಸ್ತಕಕ್ಕೆ ಮೂಗು ಅಂಟಿಸ್ಕೊಂಡೇ ಇರ್ತಾಳಾ?"

ಇರುತ್ತಿದ್ದಳು. ಹಾಸಿಗೆಗಳ ರಾಶಿ ಹತ್ತಿ ಕೂತು, ಊಟದ ಕೂಗೂ ಕೇಳಿಸದಂತೆ ಕಥೆ ಓದುತ್ತಿದ್ದಳು. ಅಕ್ಕನಿಗೆ ಕಳ್ಳ ಸಿಕ್ಕಂತಾಯಿತು. ಮನೆಗೆ ಬಂದವಳೇ ಕಥೆಪುಸ್ತಕಗಳನ್ನೆಲ್ಲ ಕಟ್ಟಿ ರದ್ದಿಯವನನ್ನು ಕೂಗಿದಳು.

"ಅಕ್ಕ, ಸಮುದ್ರದ್ದೊಂದು ಇಟ್ಕೊಳ್ಲಾ? ಇನ್ನೂ ಮುಗಿದಿಲ್ಲ."

"ಕಣ್ಣು ಬೇಕಾ, ಕಥೆ ಬೇಕಾ?"

ರದ್ದಿಯವನು ಕಟ್ಟು ಹೊತ್ತು ನಡೆದಾಗ ಗುಬ್ಬಿ ಬಾಗಿಲಲ್ಲಿ ನಿಂತು ಕಣ್ಣುಜ್ಜಿಕೊಂಡಳು. ಅಳುವೋ ತುರಿಕೆಯೋ, ಅಕ್ಕ ನೋಡಲು ಹೋಗಲಿಲ್ಲ. ಆಮೇಲೆ ಹುಡುಗಿ ಪಾಠದ ಪುಸ್ತಕ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಕನ್ನಡಕದ ನಂಬರ್ ಮಾತ್ರ ತನ್ನ ಪಾಡಿಗೆ ಏರುತ್ತಲೇ ಹೋಯಿತು.

ಬೆಳೆದ ಗುಬ್ಬಿ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ದಿನ, ಕಣ್ಣ ಮುಂದೆ ಮಿಂಚು ಹೊಡೆದಂತಾಗುತ್ತದೆ ಎಂದಳು. ಅಕ್ಕ ಅಂಗಡಿಗೆ ಬೀಗ ಜಡಿದು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಕಣ್ಣಿನ ಹಿಂಭಾಗ ನೋಡಿ, ಪರದೆ ತೆಳುವಾಗಿದೆ, ಹರಿದಿಲ್ಲ, ಎಂದರು. ಆಮೇಲೆ ಮೇಲಿನ ರೆಪ್ಪೆ ಮಗುಚಿದವರು ತಡೆದು ನಿಂತರು. ಒಳಗೆಲ್ಲ ಕಲ್ಲು ಹಾಸಿದಂತೆ ಕೆಂಪು ಗುಳ್ಳೆಗಳು.

"ಈ ಉರಿಯೂತ ಯಾವಾಗಿಂದ?"

"ಚಿಕ್ಕಂದಿನಿಂದ್ಲೂ," ಗುಬ್ಬಿ ಎಂದಳು.

"ಔಷಧಿ?"

"ತಣ್ಣೀರು ಹಾಕ್ತಿದ್ವಿ," ಎಂದಳು ಅಕ್ಕ.

"ಹೀಗೆ ಅಲರ್ಜಿಯಿಂದ ವರ್ಷಗಟ್ಟಲೆ ಕಣ್ಣು ಊದಿರೋ ಮಕ್ಕಳಲ್ಲಿ ಸಮೀಪದೃಷ್ಟಿ ಜಾಸ್ತಿ ಕಾಣ್ಸುತ್ತೆ. ಉರಿಯೂತದಿಂದ ಕಣ್ಣಿನ ಗೋಡೆ ಸಡಿಲಾಗಿ, ಗುಡ್ಡೆ ಉದ್ದಕ್ಕೆ ಬೆಳೆಯುತ್ತಾ ಅಂತ ಇನ್ನೂ ಹುಡುಕ್ತಿದ್ದಾರೆ. ಇದೊಂದರಿಂದ್ಲೇ ಅಂತ ನಾನು ಹೇಳಲ್ಲ."

"ಹಾಗಾದ್ರೆ ಓದಿದ್ದಕ್ಕೆ ಅಲ್ವಾ?" ಅಕ್ಕ ಕೇಳಿದಳು.

"ಅದರ ಪಾಲೂ ಇರ್ಬಹುದು. ಆದ್ರೆ ಈ ಉರಿಯೂತಕ್ಕೆ ಆಗ್ಲೇ ಹನಿ ಹಾಕಿಸ್ಬೇಕಿತ್ತಮ್ಮ."

ಹೊರಗಿನ ಬೆಂಚಿನ ಮೇಲೆ ಅಕ್ಕ ಕೂತಳು. ಗುಬ್ಬಿ ಪಕ್ಕಕ್ಕೆ ಬಂದಳು.

"ಅಂಗಡಿಗೆ ರಜಾ ಇದ್ದಾಗ ನಂಗೆ ತುರಿಸ್ತಾನೇ ಇರ್ಲಿಲ್ಲ ಕಣಕ್ಕ."

"ಗೊತ್ತಿತ್ತಾ ನಿಂಗೆ? ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅಂಗಡಿ ಮುಚ್ತಿದ್ದೆ. ಆಮೇಲೆ ಇಬ್ರೂ ಏನು, ಅರಳೆ ತಿನ್ನೋದಾ?"

ಅಕ್ಕನಿಗೆ ನಗು ಬರಲಿಲ್ಲ. "ಆ ಸಮುದ್ರದ ಪುಸ್ತಕ ಎಲ್ಲಾದ್ರೂ ಹುಡುಕಿ ತರ್ತೀನಿ," ಎಂದಳು.

"ಬೇಡ ಬಿಡು. ಈಗ ಎರಡು ಪುಟಕ್ಕೇ ನಿದ್ದೆ ಬರುತ್ತೆ."

ಗುಬ್ಬಿ ಅದನ್ನು ಹಗುರವಾಗಿ ಹೇಳಿದಳು. ಕಣ್ಣನ್ನಾದರೂ ಉಳಿಸಿದ್ದರೆ ಕಥೆ ಕಿತ್ತುಕೊಂಡದ್ದಕ್ಕೆ ಒಂದು ಅರ್ಥವಿರುತ್ತಿತ್ತು ಎಂದುಕೊಂಡಳು ಅಕ್ಕ.

ಗುಬ್ಬಿ ನಿಲ್ದಾಣದ ಹತ್ತಿರ ಬೇರೆ ಕೋಣೆ ಹಿಡಿದಳು. ಹೋಗಲೇಬೇಕೆಂದು ಹಟ ಹಿಡಿದವಳು ಅಕ್ಕನೇ. ಹನಿ ಔಷಧಿಯಿಂದಲೂ ಧೂಳಿಲ್ಲದ ಗಾಳಿಯಿಂದಲೂ ಕಣ್ಣಿನ ಕೆಂಪು ಇಳಿಯಿತು. ನಂಬರ್ ಇಳಿಯಲಿಲ್ಲ, ಅದು ಇಳಿಯುವಂಥದ್ದೂ ಅಲ್ಲ. ರಜೆಯ ದಿನ ಅಕ್ಕ ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು ತಂಗಿಯ ಮನೆಗೆ ಹೋಗುತ್ತಿದ್ದಳು. ಹೋದರೂ ಹೊಸಿಲ ಹೊರಗೇ ನಿಂತು ತೋಳು, ಬೆನ್ನು ಕೊಡವಿಕೊಳ್ಳುತ್ತಿದ್ದಳು.

"ಏನೂ ಇಲ್ಲ, ಒಳಗೆ ಬಾರಕ್ಕ," ಎನ್ನುತ್ತಿದ್ದಳು ಗುಬ್ಬಿ.

"ತಾಳೆ, ಇನ್ನೊಂದ್ಸಲ."