ಭುಜದ ಅಳತೆ

"ಈಗೆಷ್ಟು?" ಪ್ಲೈವುಡ್ ದೋಣಿಯ ಅಡಿಯಿಂದ ಕ್ಲೆಮ್ ಕೇಳಿದ.

ಬೆರಿಲ್ ಟೇಪಿನ ತುದಿಯನ್ನು ಒತ್ತಿಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಅಷ್ಟೇ. ನಾಲ್ಕು ಬೆರಳು ಹೆಚ್ಚು."

"ಸರಿಯಾಗಿ ನೋಡು."

"ನನ್ನ ಕಣ್ಣು ಸರಿಯಾಗೇ ಇದೆ. ನಿನ್ನ ದೋಣಿಗೇ ಬೊಜ್ಜು ಬಂದಿರೋದು."

ಅವಳು ಕೈಬಿಟ್ಟದ್ದೇ ಟೇಪು ಫಟ್ಟನೆ ಒಳಸೇರಿತು. ಕ್ಲೆಮ್ ತೆವಳಿಕೊಂಡು ಹೊರಬಂದ.

ಶೆಡ್ಡಿನ ನಡುವೆ ಎರಡು ಕಂಬಗಳಿದ್ದವು. ಟ್ರೇಲರಿನ ಮೇಲೆ ರಸ್ತೆಗೆ ಬರುವ ದೋಣಿ ಎಷ್ಟು ಅಗಲವಿರಬಹುದೆಂದು ಸರ್ಕಾರ ಹೇಳಿದೆಯೋ ಅಷ್ಟು ಅಂತರದಲ್ಲಿ ಕ್ಲೆಮ್ ಅವನ್ನು ನೆಟ್ಟಿದ್ದ. ಅವನದು ಜೋಡಿ ಒಡಲಿನ ಹಾಯಿದೋಣಿಗಳು. ನಡುವೆ ಕ್ಯಾಬಿನ್, ಎರಡು ಕಡೆ ಕೀಲುಗೈಗಳ ತುದಿಯಲ್ಲಿ ಒಂದೊಂದು ಒಡಲು. ನೀರಿಗಿಳಿದಾಗ ಒಡಲುಗಳು ಅಗಲವಾಗಿ ಹರಡಿಕೊಳ್ಳುತ್ತವೆ. ದಡಕ್ಕೆ ಬಂದರೆ ಮಡಚಿಕೊಂಡು ಕ್ಯಾಬಿನ್ನಿನ ಅಡಿಗೆ ಸೇರುತ್ತವೆ. ಯಾವ ದೋಣಿಯನ್ನಾದರೂ ಮೊದಲು ಅಗ್ಗದ ಪ್ಲೈವುಡ್ಡಿನಲ್ಲಿ ನಿಜದ ಅಳತೆಗೇ ಕಟ್ಟಿ, ಮಡಚಿ, ಈ ಕಂಬಗಳ ನಡುವೆ ತೂರಿಸಿ ನೋಡುವುದು ಅವನ ಪದ್ಧತಿ. ಇಷ್ಟು ವರ್ಷ ಎಲ್ಲವೂ ತೂರಿದ್ದವು. ಇದೊಂದು ಸಿಕ್ಕಿಕೊಂಡಿತ್ತು.

ಮೂರು ವರ್ಷದ ಹಿಂದೆ, ಈಸ್ಟರಿನ ಹಾಯಿದೋಣಿ ಪಂದ್ಯದಲ್ಲಿ, ಅಳಿವೆಯ ಮರಳುದಿಬ್ಬದ ಬಾಯಲ್ಲಿ ಎದ್ದ ಅಲೆಯೊಂದು ಅವರ ಮಗ ಟ್ರೆವರ್‌ನನ್ನು ಒಯ್ದಿತ್ತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೂಳುವುದಕ್ಕೆ ಏನೂ ಇರಲಿಲ್ಲ. ಅಂದಿನಿಂದ ಕ್ಲೆಮ್ ದೋಣಿಯ ನಕ್ಷೆ ಬರೆಯುವ ಪೆನ್ಸಿಲು ಮುಟ್ಟಿರಲಿಲ್ಲ. ಈ ಸಲ ಘಟ್ಟದ ಮೇಲಿನ ಕಿಂಗರಾಯ್ ಊರಿನಿಂದ ಡೆಸ್ ಎನ್ನುವವನು ಫೋನು ಮಾಡಿ, ಸಂಸಾರ ಸಮೇತ ಸುತ್ತುವುದಕ್ಕೂ ಪಂದ್ಯಕ್ಕೂ ಆಗುವ ದೋಣಿ ಬೇಕೆಂದಾಗ ಯಾಕೋ ಹೂಂ ಅಂದುಬಿಟ್ಟ. ಬೆರಿಲ್ ಬಟ್ಟೆ ಒಣಹಾಕುವ ತಂತಿಯ ಹತ್ತಿರ ಹೋಗಿ ಒದ್ದೆ ದುಪ್ಪಟಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಇದೂ ಅರ್ಧಕ್ಕೆ ನಿಂತರೆ ಪೆನ್ಸಿಲು ಇನ್ನು ಅವನ ಕೈಗೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸಂಜೆ ತಗಡಿನ ಮಾಡು ತಣಿಯುವಾಗ ಪ್ಲೈವುಡ್ಡಿನ ದೋಣಿ ಕಿರುಗುಟ್ಟುತ್ತಿತ್ತು. ಅಡುಗೆಮನೆಗೆ ಅದು ಯಾರೋ ಹಾಸಿಗೆಯಲ್ಲಿ ಹೊರಳಿದ ಹಾಗೆ ಕೇಳಿಸುತ್ತಿತ್ತು. ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಒಬ್ಬರು ಉಪ್ಪು ಕೇಳುತ್ತಿದ್ದರು, ಇನ್ನೊಬ್ಬರು ಕೊಡುತ್ತಿದ್ದರು.

ಶನಿವಾರ ಡೆಸ್ ಮತ್ತು ಅವನ ಹೆಂಡತಿ ಬ್ರಾನ್ವೆನ್ ಒಂದು ಚೀಲ ಕಡಲೆಕಾಯಿ ಹೊತ್ತು ಬಂದರು.

"ಅಲ್ಲ ಮಾರಾಯ್ರೆ, ನಾಲ್ಕು ಬೆರಳಿಗೆ ಪೊಲೀಸ್ನೋರು ಟೇಪು ಹಿಡ್ಕೊಂಡು ಬರ್ತಾರಾ?" ಎಂದ ಡೆಸ್.

"ಅವರು ಬಿಟ್ರೂ ಎದುರಿಂದ ಬರೋ ಲಾರಿ ಬಿಡಲ್ಲ. ನಿಮ್ಮ ಘಾಟಿ ರಸ್ತೆ ನೋಡಿದೀನಿ," ಎಂದ ಕ್ಲೆಮ್.

ಬ್ರಾನ್ವೆನ್ ಚಪ್ಪಲಿ ಕಳಚಿಟ್ಟು ಎಡ ಒಡಲಿನೊಳಗೆ ಇಳಿದು ಮಲಗುವ ಹಲಗೆಯ ಮೇಲೆ ಒರಗಿದಳು. ಒಳಗಿನಿಂದ ಅವಳ ನಗು ಕೇಳಿಸಿತು. "ಡೆಸ್, ಇಲ್ಲಿ ನನ್ನ ಪಕ್ಕ ನಾಯೀನೂ ಮಲಗಬಹುದು. ಇದು ಯಾರ ಅಳತೆಗೆ ಮಾಡಿದ್ದು? ನಮ್ಮನೇಲಿ ಇಷ್ಟು ಅಗಲದ ಭುಜ ಯಾರಿಗೂ ಇಲ್ಲ."

ಕ್ಲೆಮ್ ಕೈಯಲ್ಲಿದ್ದ ಕಡಲೆಕಾಯಿ ಒಡೆಯದೆ ನಿಂತ. ಬೆರಿಲ್ ಅವನ ಮುಖ ನೋಡಿದಳು.

ಹೊರಡುವಾಗ ಡೆಸ್ ಕಾರಿನ ಬಾಗಿಲು ಹಿಡಿದು ಹೇಳಿದ: "ಮಂಗಳವಾರ ನಿಜವಾದ ದೋಣಿಗೆ ಅಚ್ಚು ಮಾಡೋ ಕೆಲಸ ಶುರುವಾಗ್ಲಿಲ್ಲ ಅಂದ್ರೆ ಈಸ್ಟರಿಗೆ ದೋಣಿ ಸಿಗಲ್ಲ. ಹಾಗಾದ್ರೆ ಬೇರೆ ಕಡೆ ನೋಡ್ತೀವಿ. ಬೇಜಾರು ಮಾಡ್ಕೋಬೇಡಿ."

ಕಾರು ಹೋದಮೇಲೆ ಕ್ಲೆಮ್ ಶೆಡ್ಡಿಗೆ ಬಂದು, "ಕ್ಯಾಬಿನ್ ಕೆತ್ತಿ ಸಣ್ಣ ಮಾಡ್ತೀನಿ," ಎಂದ.

"ತೊಂದರೆ ಇರೋದು ಕ್ಯಾಬಿನ್ನಲ್ಲಿ ಅಲ್ಲ," ಎಂದಳು ಬೆರಿಲ್.

ಮೂಲೆಯಲ್ಲಿ ನೆಲದ ಮೇಲೆ ಹಳೆಯ ಹಾಯಿಯೊಂದು ಹಾಸಿತ್ತು. ಮೂರು ವರ್ಷ ಯಾರೂ ಸರಿಸಿರಲಿಲ್ಲ. ಅವಳು ಅದರ ಅಂಚು ಹಿಡಿದು ಎಳೆದಳು.

ಮಲಗುವ ಹಲಗೆಯ ಅಳತೆಗಾಗಿ ಕ್ಲೆಮ್ ಮನೆಯವರನ್ನು ನೆಲದ ಮೇಲೆ ಮಲಗಿಸಿ ಸುತ್ತ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ಹಿಂದಿನ ದೋಣಿಗೆ ಟ್ರೆವರ್ ಮಲಗಿದ್ದ. ಎದ್ದು ನೋಡಿ, "ಪೊಲೀಸ್ನೋರು ಹೆಣದ ಸುತ್ತ ಗೀಟು ಎಳೆದ ಹಾಗಿದೆಯಲ್ಲಪ್ಪ," ಎಂದು ನಕ್ಕಿದ್ದ. ನಗುತ್ತಲೇ ಕಾಲು ತಾಗಿಸಿ ರಾಳದ ಡಬ್ಬಿ ಉರುಳಿಸಿದ್ದ. ದೋಣಿಗೆ ಬಳಿಯುವ ಆ ರಾಳ ಗೀಟಿನ ಮೇಲೆ ಹರಿದು ಗಾಜಿನ ಹಾಗೆ ಗಟ್ಟಿಯಾಗಿತ್ತು. ಈಗಲೂ ಅದರಡಿಯಲ್ಲಿ ತಲೆ, ಭುಜ, ಅಂಗಾತ ಚಾಚಿದ ಕಾಲುಗಳು ಬೆಳ್ಳಗೆ ಇದ್ದವು.

ಬೆರಿಲ್ ಭುಜದ ಮೇಲೆ ಟೇಪು ಇಟ್ಟಳು. ಎದ್ದುಹೋಗಿ ಎಡ ಒಡಲಿನ ಹಲಗೆಯ ಮೇಲೆ ಇಟ್ಟಳು. ಅಳತೆ ಒಂದೇ ಇತ್ತು.

"ನಕ್ಷೆ ಬರೆಯೋವಾಗ ಕೈ ತಾನಾಗೇ ಅಲ್ಲಿಗೆ ಹೋಯ್ತು," ಎಂದ ಕ್ಲೆಮ್. "ಎಡಕ್ಕೆ ಕೊಟ್ಟಿದ್ದನ್ನ ಬಲಕ್ಕೂ ಕೊಡ್ಲೇಬೇಕಲ್ಲ, ಇಲ್ಲದಿದ್ರೆ ದೋಣಿ ಒಂದು ಕಡೆಗೆ ಎಳೆಯುತ್ತೆ. ಎರಡೂ ಸೇರಿ ನಾಲ್ಕು ಬೆರಳು. ಗೊತ್ತು ನಂಗೆ. ಆದ್ರೆ ತೆಗೆಯೋಕೆ ಹೋದ್ರೆ ಅವನಿಗೆ ಭುಜ ಒತ್ತುತ್ತೆ ಅನ್ಸುತ್ತೆ, ಬೆರಿಲ್."

ಅವಳು ನೆಲದ ಗೀಟಿನ ಹತ್ತಿರ ವಾಪಸು ಬಂದಳು.

"ಅವನು ಅಂಗಾತ ಯಾವತ್ತು ಮಲಗಿದ್ದ?"

ಕ್ಲೆಮ್ ತಲೆಯೆತ್ತಿದ.

"ಮಗ್ಗುಲಿಗೇ ಮಲಗ್ತಿದ್ದಿದ್ದು. ಗೋಡೆ ಕಡೆ ಮುಖ ಹಾಕಿ, ಕೈ ಎರಡೂ ಎದೆಗೆ ಒತ್ಕೊಂಡು. ತೊಟ್ಟಿಲಲ್ಲಿ ಇದ್ದಾಗಿಂದ ಹಾಗೇ. ನೀನು ಎಚ್ಚರ ಇರೋನನ್ನ ಮಲಗಿಸಿ ಅಳೆದೆ. ನಿದ್ದೆ ಮಾಡೋವಾಗ ನೋಡಿದೋಳು ನಾನು."

ಹಲಗೆ ಕೊಯ್ಯಲು ಇಟ್ಟಿದ್ದ ಮರದ ಸ್ಟ್ಯಾಂಡನ್ನು ಹಿಡಿದುಕೊಂಡು ಅವಳು ಮೊದಲು ಒಂದು ಮೊಣಕಾಲೂರಿದಳು, ಆಮೇಲೆ ಇನ್ನೊಂದು. ರಾಳದ ನೆಲ ತಣ್ಣಗಿತ್ತು. ಗೀಟಿನೊಳಗೆ ಮಗ್ಗುಲಾಗಿ ಮಲಗಿ ಗೋಡೆಯ ಕಡೆ ಮುಖ ಮಾಡಿದಳು. "ಎಳಿ," ಎಂದಳು.

"ನೀನು ಅವನಷ್ಟು ಇಲ್ಲ."

"ಅವನಿಗೆ ಎಷ್ಟು ಬೇಕೋ ಅಷ್ಟು ಬಿಟ್ಟು ಎಳಿ."

ಸೀಮೆಸುಣ್ಣ ಅವಳ ಕಿವಿಯ ಹತ್ತಿರ ಕರಕರ ಎಂದು ಹೊರಟಿತು. ಭುಜದ ಹತ್ತಿರ ಬಂದು ನಿಂತಿತು. ಅವನ ಉಸಿರು ಕೇಳುತ್ತಿತ್ತು.

"ಇಷ್ಟು ಸಾಕಾಗುತ್ತಾ ಅವನಿಗೆ?"

"ಸಾಕು."

ಹೊಸ ಗೀಟು ಹಳೆಯದರ ಒಳಗೇ ಮುಗಿಯಿತು.

ಸೋಮವಾರ ಕ್ಲೆಮ್ ಎರಡೂ ಒಡಲುಗಳಿಂದ ಒಂದೊಂದು ಪಟ್ಟಿ ಕೊಯ್ದು ತೆಗೆದು, ಮತ್ತೆ ಜೋಡಿಸಿ, ಮಡಚಿದ. ಸಂಜೆಯ ಹೊತ್ತಿಗೆ ದೋಣಿ ಕಂಬಗಳನ್ನು ಮುಟ್ಟದೆ ನಡುವೆ ಹೋಗಿ ನಿಂತಿತು. ಬೆರಿಲ್ ಟೇಪು ಚಾಚಿ ನೋಡಿ ತಲೆಯಾಡಿಸಿದಳು. ಕ್ಲೆಮ್ ಒಡಲಿಗೂ ಕಂಬಕ್ಕೂ ನಡುವೆ ಬೆರಳು ತೂರಿಸಿ ಹಾಗೇ ಇಟ್ಟುಕೊಂಡ.

ಮಾಡು ತಣಿಯತೊಡಗಿತ್ತು. ಎಡಗಡೆಯ ಒಡಲಿನಲ್ಲಿ ಯಾರೋ ಹೊರಳಿದ ಹಾಗಾಯಿತು; ಆಮೇಲೆ ಸದ್ದಿಲ್ಲ.

ಬೆರಿಲ್ ಟೇಪಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಅದುಮಿ, ಫಟ್ಟೆನ್ನದ ಹಾಗೆ, ಮೆಲ್ಲಮೆಲ್ಲನೆ ಒಳಗೆ ಬಿಟ್ಟಳು.