ಉಸಿರು ಹೋದ ಜಾಗದ ದೀಪ

ಬೈರಯ್ಯ ಅಂಗೈ ಮರೆಮಾಡಿಕೊಂಡು ತಂದ ದೀಪವನ್ನು ಜಯಲಕ್ಷ್ಮಮ್ಮ ಬೆರಳಲ್ಲೇ ಹೊಸಕಿ ಆರಿಸಿಬಿಟ್ಟಳು. ಹೆಂಗಸರ ಅಳು ಗಕ್ಕನೆ ನಿಂತಿತು. ಗಂಡನ ಹೆಣ ಇನ್ನೂ ಜಗಲಿಯ ಮೇಲಿದೆ, ಇವಳು ಅವನ ದೀಪ ಆರಿಸುವುದೇ?

"ಉಸ್ರು ಓದ ಜಾಗದಲ್ಲಿ ದೀಪ ಇಡ್ದಿದ್ರೆ ಎಂಗಮ್ಮಾ? ನನ್ ತಮ್ಮ ಕತ್ಲಲ್ಲೇ ಓಗ್ಬೇಕಾ?" ಎಂದ ಬೈರಯ್ಯ. ಎಪ್ಪತ್ತೈದರ ಮುದುಕ. ಕಿವಿ ಪೂರ್ತಿ ಕೆಪ್ಪು, ನಶ್ಯ ಏರಿಸಿ ಏರಿಸಿ ಮೂಗಿಗೆ ವಾಸನೆಯೂ ತಿಳಿಯದು.

ನಡುಮನೆಯಲ್ಲೇ ಇಡಿ ಎಂದು ಅವಳು ಕೈಸನ್ನೆ ಮಾಡಿ, ಒಳಕೋಣೆಯ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎದುರಿಗೇ ಫುಡ್ ಇನ್ಸ್‌ಪೆಕ್ಟರ್ ರುದ್ರೇಶ ಹಾರ ಹಿಡಿದು ಕೂತಿದ್ದ. ಪಾಪ, ಅವನ ದುಃಖವೂ ನಿಜವೇ. ಆರು ವರ್ಷ ಅವಳ ಗಂಡ ಕೆಂಪಣ್ಣನ ಇಡ್ಲಿ ತಿಂದವನು.

*

ಮುಂದೆ ಹೋಟೆಲು, ಹಿಂದೆ ಮನೆ. ಬಾಗೂರಿನ ಆ ನಾಲ್ಕು ಬೆಂಚಿನ ಹೋಟೆಲಿಗಾಗಿ ಕೆಂಪಣ್ಣ ಚನ್ನರಾಯಪಟ್ಟಣಕ್ಕೆ ಅಲೆದು ಚಪ್ಪಲಿ ಸವೆಸಿದ್ದ. ಲೈಸೆನ್ಸ್ ಕೇಳಿದರೆ ಹೋಟೆಲಿನ ನೀಲಿ ಸಿಲಿಂಡರಿನ ಕಾಗದ ತಾ ಎಂದರು. ನೀಲಿ ಸಿಲಿಂಡರ್ ಕೇಳಿದರೆ ಲೈಸೆನ್ಸ್ ತಾ ಎಂದರು.

"ಉಚ್ಚು ಬಿಡ್ದೆ ಮದ್ವೆ ಆಗಲ್ಲ, ಮದ್ವೆ ಆಗ್ದೆ ಉಚ್ಚು ಬಿಡಲ್ಲ ಕಣೇ," ಎಂದು ನಕ್ಕಿದ್ದ. ಅಷ್ಟು ವರ್ಷವೂ ಮನೆಬಳಕೆಯ ಕೆಂಪು ಸಿಲಿಂಡರಿನಲ್ಲೇ ಇಡ್ಲಿ ಬೆಂದಿತು. ತಪ್ಪೆಂದು ಅವನಿಗೂ ಗೊತ್ತಿತ್ತು. ಅದರಲ್ಲೊಂದು ಸೋರುತ್ತಿತ್ತು, ಅದನ್ನು ಹಿತ್ತಲ ಗಾಳಿಯಲ್ಲೇ ಇಡುತ್ತಿದ್ದ.

ಇವತ್ತು ಬೆಳಿಗ್ಗೆ ಪಕ್ಕದಂಗಡಿಯವನು ಕೂಗಿದ, "ಕೆಂಪಣ್ಣ, ಚೆಕಿಂಗ್‌ಗೆ ಬತ್ತಾವ್ರಂತೆ!" ಕೆಂಪಣ್ಣ ಮೂರೂ ಸಿಲಿಂಡರನ್ನು ಒಬ್ಬನೇ ಒಳಕೋಣೆಗೆ ಎಳೆದು, ಗೋಣಿ ಹೊದಿಸಿ, ಕಿಟಕಿ ಭದ್ರ ಮಾಡಿದ. "ಎದೆ ಇಡ್ಕತಾ ಐತೆ ಕಣೇ," ಎನ್ನುತ್ತ ಅಲ್ಲೇ ಕುಸಿದ.

*

ಬಾಗಿಲ ಸಂದಿಯಿಂದ ವಾಸನೆ ಬರುತ್ತಿತ್ತು. ಊದುಬತ್ತಿಯ ಹೊಗೆಯಲ್ಲಿ ಬೇರೆಯವರಿಗೆ ಅದು ತಿಳಿದಿರಲಿಲ್ಲ. ಬಾಯಿಬಿಟ್ಟರೆ ಹೋಟೆಲಿಗೆ ಬೀಗ. ಅವಳಿಗೆ ಉಳಿದದ್ದು ಅದೊಂದೇ. ಹೀಗೆ ನಿಲ್ಲಿಸಿಹೋದವನ ಮೇಲೆ ಅವಳಿಗೆ ಸಿಟ್ಟು ಬಂತು.

"ಅಜ್ಜನ ಮನಸ್ಸಿಗಾದ್ರೂ ಸಮಾಧಾನ ಆಗ್ಲಿ ಬಿಡೀಮ್ಮಾ," ಎಂದು ರುದ್ರೇಶನೇ ಎದ್ದು ಬಂದು, ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಾಗಿಲು ತಳ್ಳಿದ. ಬೈರಯ್ಯ ಆರಿದ ದೀಪ ಹಿಡಿದು ಕತ್ತಲೊಳಗೆ ನಡೆದ.

"ಅಚ್ಬೇಡಿ ಭಾವಾ! ಒಳ್ಗೆ ಸಿಲಿಂಡರ್ ಅವೆ! ಗ್ಯಾಸ್ ಸೋರ್ತೈತೆ!"

ಅವಳ ಕೂಗು ಬೀದಿಗೂ ಕೇಳಿತು. ರುದ್ರೇಶನ ಕೈಯಿಂದ ಹಾರ ಜಾರಿತು. ಒಳಗೆ, ಎಲ್ಲರಿಗೂ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದ ಬೈರಯ್ಯನ ಕೈಯಲ್ಲಿ ಮೊದಲ ಬೆಂಕಿಕಡ್ಡಿ ಮುರಿಯಿತು. ಅವನು ಇನ್ನೊಂದನ್ನು ತೆಗೆದ.